ಬೇಬಿಯಕ್ಕನ ಎರಡು ಚಮಚ ಉಪ್ಪು

ಬಸ್ರೂರಿನ ಹತ್ತಿರದ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಆರಿಸುವ ಹೆಂಗಸರಿಗೆ ಕೈತುಂಬ ಕೆಲಸ, ಬಾಯಿಗೆ ಮಾತ್ರ ಬಿಡುವು. ನಲವತ್ತು ಮಂದಿ ಉದ್ದುದ್ದ ಮೇಜುಗಳ ಎರಡೂ ಬದಿಗೆ ಕೂತು, ಇಡೀ ಬೀಜ ಒಂದು ಕಡೆ, ಹೋಳು ಒಂದು ಕಡೆ, ತುಂಡು ಇನ್ನೊಂದು ಕಡೆ ಎಂದು ಬೇರ್ಪಡಿಸುತ್ತ ದಿನವಿಡೀ ಮಾತಾಡುತ್ತಾರೆ. ಮಾತು ಎಲ್ಲಿಂದ ಹೊರಟರೂ ಸಂಜೆ ಚಹಾದ ಹೊತ್ತಿಗೆ ರಾತ್ರಿಯ ಅಡುಗೆಗೆ ಬಂದು ನಿಲ್ಲುತ್ತದೆ. ಅಲ್ಲಿ ಬೇಬಿ ಹೇಳಿದ ಮೇಲೆ ಮತ್ತೊಬ್ಬರು ಹೇಳುವುದು ಕಮ್ಮಿ.

ಬೇಬಿಗೆ ಐವತ್ತೆರಡು. ಬಿಜೂರಿನಲ್ಲಿ ಹುಟ್ಟಿ, ಬಸ್ರೂರಿಗೆ ಮದುವೆಯಾಗಿ ಬಂದವಳು. ಗಂಡ ಸೀನ ಇಪ್ಪತ್ತು ವರ್ಷ ಮುಂಬೈಯ ಕ್ಯಾಂಟೀನಿನಲ್ಲಿ ಒಲೆ ಮುಂದೆ ನಿಂತು, ಈಗ ಎಂಟು ವರ್ಷದಿಂದ ಊರಲ್ಲೇ ರಿಕ್ಷಾ ಓಡಿಸುತ್ತಾನೆ. ಅಡುಗೆ ಬಲ್ಲ ಗಂಡನಿಂದ ಹೌದೆನಿಸಿಕೊಂಡ ಅಡುಗೆ ತನ್ನದು ಎಂಬ ಹೆಮ್ಮೆ ಬೇಬಿಗೆ. ಅವಳ ಕೈ ಧಾರಾಳದ ಕೈ. ಉಪ್ಪನ್ನು ಎಂದೂ ಚಮಚದಲ್ಲಿ ಅಳೆದವಳಲ್ಲ. ಮುಷ್ಟಿಯಲ್ಲಿ ತೆಗೆದು, ಪಾತ್ರೆಯ ಮೇಲೆ ಕೈ ಆಡಿಸಿ, ಅಂದಾಜಿನಲ್ಲೇ ಬಿಡುವುದು.

ಕಳೆದ ವರ್ಷ ಮಾರ್ಚಿನಲ್ಲಿ ಕಾರ್ಖಾನೆಯಲ್ಲೇ ಎಲ್ಲರ ಬಿಪಿ ನೋಡುವ ಏರ್ಪಾಡಾಯಿತು. ಆರೋಗ್ಯ ಕೇಂದ್ರದ ನರ್ಸ್ ಪ್ರಫುಲ್ಲಾ ಬೇಬಿಯ ತೋಳಿಗೆ ಪಟ್ಟಿ ಸುತ್ತಿ ಒಮ್ಮೆ ನೋಡಿದರು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿದರು. ನೂರ ಎಪ್ಪತ್ತೆಂಟು, ನೂರ ಆರು.

"ಬೇಬಿಯಕ್ಕ, ತಲಿನೋವು, ತಲಿ ತಿರ್ಗುದ್ ಎಂತಾರೂ ಇತ್ತಾ?"

"ಎಂತದೂ ಇಲ್ಲೆ. ನಿಮ್ಮ ಮಿಷನ್ನೇ ಹಾಳಾಯ್ತ್ ಕಾಣಿ."

ಪ್ರಫುಲ್ಲಾ ನಗುತ್ತ ಅದೇ ಪಟ್ಟಿಯನ್ನು ತಮ್ಮ ತೋಳಿಗೆ ಸುತ್ತಿಕೊಂಡರು. ನೂರ ಹದಿನೆಂಟು ತೋರಿಸಿತು. ಬೇಬಿ ಎದ್ದು ಡಾಕ್ಟರ ಬಳಿಗೆ ಹೋದಳು.

ಡಾಕ್ಟರು ದಿನಕ್ಕೆ ಎರಡು ಮಾತ್ರೆ ಬರೆದರು. ಜೊತೆಗೆ ಹೇಳಿದ್ದು ಒಂದೇ ಮಾತು: ಒಬ್ಬರಿಗೆ ದಿನಕ್ಕೆ ಮಟ್ಟಸವಾದ ಒಂದು ಸಣ್ಣ ಚಮಚ ಉಪ್ಪು, ಅದಕ್ಕಿಂತ ಹೆಚ್ಚಿಲ್ಲ. ಅನ್ನ, ಸಾರು, ಉಪ್ಪಿನಕಾಯಿ, ಹಪ್ಪಳ ಎಲ್ಲ ಆ ಚಮಚದ ಒಳಗೇ ಬರಬೇಕು.

ಮಾಡಿದರೆ ಪೂರ್ತಿ ಮಾಡಬೇಕೆನ್ನುವ ಸ್ವಭಾವ ಬೇಬಿಯದು. ಅಂದು ರಾತ್ರಿಯೇ ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. ಉಪ್ಪಿಲ್ಲದ ಬಂಗುಡೆ ಮೀನಿನ ಗಸಿಯ ಮೊದಲ ತುತ್ತಿಗೇ ಸೀನನ ಮುಖ ಇಳಿಯಿತು.

"ಇದೆಂತ ಮಾರಾಯ್ತಿ, ಆಸ್ಪತ್ರಿ ಊಟದಾಂಗೆ ಇತ್ತಲೆ?"

"ನಾನ್ ಉಣ್ತಿಲ್ಯಾ? ಸುಮ್ನೆ ಉಣ್ಣಿ."

ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಬೇಬಿ ಬಟ್ಟೆ ಒಣಗಿಸಿ ಅಡುಗೆಮನೆಗೆ ಬಂದಾಗ ಸೀನ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಯ ಮುಂದೆ ನಿಂತಿದ್ದ. ಬೈಯಬೇಕೆಂದು ಬಾಯಿ ತೆರೆದವಳಿಗೆ ಬೈಯಲಾಗಲಿಲ್ಲ. ಮಧ್ಯಾಹ್ನ ಕಾರ್ಖಾನೆಯಲ್ಲಿ ಪಕ್ಕದವಳ ಬುತ್ತಿಯಿಂದ ಅವಳೂ ಒಂದು ಮಿಡಿ ಕೇಳಿ ತಿಂದಿದ್ದಳು. ಅದನ್ನು ಹೇಳಿದಾಗ ಇಬ್ಬರೂ ನಕ್ಕರು. ಹೀಗೆ ಮಾಡಿದರೆ ಒಂದು ವಾರವೂ ನಡೆಯದು ಎಂದು ಆಗ ಅವಳಿಗೆ ಖಚಿತವಾಯಿತು.

ಮರುದಿನ ಡಬ್ಬಿಯನ್ನು ಅಟ್ಟದಿಂದ ಇಳಿಸಿ ಲೆಕ್ಕಕ್ಕೆ ಕೂತಳು. ಮನೆಯಲ್ಲಿರುವುದು ಇಬ್ಬರೇ. ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಇಪ್ಪತ್ತೈದು ದಿನಕ್ಕೆ ಮುಗಿಯುತ್ತಿತ್ತು. ಡಾಕ್ಟರು ಹೇಳಿದ ಪ್ರಕಾರ ಅದು ನೂರು ದಿನ ಬರಬೇಕು. ನಾಲ್ಕು ಪಟ್ಟು! ಅದೂ ಉಪ್ಪಿನಕಾಯಿ, ಒಣಮೀನು, ಮಜ್ಜಿಗೆ ಮೆಣಸು, ಸಂಜೆಯ ಮಿಕ್ಸ್ಚರ್ ಬಿಟ್ಟು. ಬೇಬಿ ಒಂದು ಸಣ್ಣ ಸ್ಟೀಲ್ ಬಟ್ಟಲು ತೆಗೆದಳು. ಬೆಳಿಗ್ಗೆ ಅದಕ್ಕೆ ಎರಡು ಚಮಚ ಉಪ್ಪು ಅಳೆದು ಹಾಕುವುದು, ಅದರಲ್ಲೇ ಮೂರು ಹೊತ್ತಿನ ಅಡುಗೆ ಮಾಡುವುದು, ಮುಗಿದರೆ ಮುಗಿಯಿತು. ಉಪ್ಪಿನಕಾಯಿ ತಿನ್ನುವ ದಿನ ಬಟ್ಟಲಿಗೆ ಅರ್ಧ ಚಮಚ ಕಡಿಮೆ.

ಎರಡೇ ದಿನದಲ್ಲಿ ಹೊಸ ಕಷ್ಟ ಎದುರಾಯಿತು. ಅನ್ನಕ್ಕೆ, ಕಾಯಿ ಅರೆಯುವಾಗ, ಮೀನು ತೊಳೆಯುವಾಗ ಎಂದು ಅಲ್ಲಲ್ಲಿ ಹಾಕಿ, ಸಂಜೆಯ ಹೊತ್ತಿಗೆ ಬಟ್ಟಲು ಖಾಲಿ. ಆಗ ಸೀನನ ಮುಂಬೈ ವಿದ್ಯೆ ಕೆಲಸಕ್ಕೆ ಬಂತು.

"ಕ್ಯಾಂಟೀನಗೆ ಒಂದಿನ ಗಡಿಬಿಡಿಲಿ ಆಮ್ಲೆಟಿಗ್ ಉಪ್ಪ್ ಹಾಕುಕ್ ಮರ್ತಿದ್ದೆ," ಎಂದ ಅವನು. "ಕಡಿಗ್ ಮೇಲೆ ಒಂದ್ ಚಿಟಿಕಿ ಉದುರ್ಸಿ ಕೊಟ್ಟೆ. ತಿಂದವ ಉಪ್ಪ್ ಜಾಸ್ತಿ ಆಯ್ತ್ ಅಂದ! ಮೇಲೆ ಇಪ್ಪು ಉಪ್ಪ್ ನಾಲ್ಗಿಗೆ ಬೇಗ ಸಿಕ್ಕತ್ತ್. ನೀನ್ ಬೇವುಕ್ಕೇ ಹಾಕ್ಬೇಡ. ಇಳ್ಸುವತಿಗೆ ಹಾಕ್."

ಅಂದು ರಾತ್ರಿ ಬೇಬಿ ಬೈಗೆ ಮೀನಿಗೆ ಹಿತ್ತಲಿನ ಹುಳಿಕಾಯಿ ಬಿಂಬುಳಿ, ಕಾಳುಮೆಣಸು, ಬೆಳ್ಳುಳ್ಳಿ, ಅರಿಶಿನ ಅರೆದು ಹಚ್ಚಿದಳು. ಬಾಳೆ ಎಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸಿದಳು. ಎಲೆ ಬಿಡಿಸಿದ ಮೇಲೆ ಎರಡು ಚಿಟಿಕೆ ಉಪ್ಪು ಉದುರಿಸಿದಳು, ಅಷ್ಟೇ. ಜೊತೆಗೆ ಉಪ್ಪು ಹಾಕದ ಕುಚ್ಚಲಕ್ಕಿ ಗಂಜಿ. ಸೀನ ಎರಡನೆಯ ಸಲ ಗಂಜಿ ಬಡಿಸಿಕೊಂಡ. ಭರಣಿಯ ಕಡೆ ನೋಡಲಿಲ್ಲ. ಹೇಗಾಗಿದೆ ಎಂದು ಹೇಳಲೂ ಇಲ್ಲ. ಅವನು ಮಾತಿಲ್ಲದೆ ಉಣ್ಣುವುದು ರುಚಿಯಾದಾಗ ಮಾತ್ರ ಎಂಬುದು ಬೇಬಿಗೆ ಗೊತ್ತಿತ್ತು.

ಮರುದಿನ ಕಾರ್ಖಾನೆಯ ಚಹಾದ ಹೊತ್ತಿಗೆ ಅವಳು ಬೈಗೆ ಮೀನಿನ ಸುದ್ದಿ ಹೇಳಿದಳು. ಅದನ್ನು ಮಾಡಿ ನೋಡಿದ ನಾಲ್ಕು ಜನ ಹೊಸದು ಕೇಳಿದರು. ಹುರುಳಿ ಸಾರಿಗೆ ಕೊನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಕೆಂಪಗೆ ಹುರಿದು ಹಾಕಿದರೆ ಅರ್ಧ ಉಪ್ಪು ಸಾಕು. ಬಸಳೆಗೆ ಹುರಿದ ಕೊತ್ತಂಬರಿ ತುಸು ಹೆಚ್ಚಿರಲಿ. ಹೆಸರುಕಾಳಿಗೆ ನಿಂಬೆಹಣ್ಣು ಹಿಂಡಿ. ಹೀಗೆ ದಿನಕ್ಕೊಂದು. ಪ್ಯಾಕಿಂಗ್ ವಿಭಾಗದಲ್ಲಿ ತೂಕ ನೋಡುವ ಪದ್ಮಾಕ್ಷಿ ಸಾಲಿಗ್ರಾಮದಿಂದ ಬರುವವರು, ಮನೆಯ ಗಂಡಸರು ದೇವಸ್ಥಾನದ ಅಡುಗೆಯವರು. ಮೀನಿನ ಮಾತು ಬಂದಾಗ ಮುಖ ತಿರುಗಿಸಿ ಕೂರುತ್ತಿದ್ದ ಅವರೂ ಒಂದು ದಿನ ಬಾಯಿ ಹಾಕಿದರು.

"ಬೇಬಿ, ಒಂದೆಲಗದ ತಂಬ್ಳಿ ಮಾಡ್ ಕಾಂಬ. ಜೀರ್ಗಿ, ಕಾಳ್ಮೆಣ್ಸ್ ತುಪ್ಪದಗೆ ಹುರ್ದ್ ಹಾಕ್. ಹುಳಿ ಮಜ್ಜಿಗಿ ಆರೆ ಉಪ್ಪಿನ ನೆನ್ಪೇ ಆತಿಲ್ಲೆ."

ಬೇಬಿ ಮಾಡಿ ನೋಡಿ, ಮರುದಿನ ಪದ್ಮಾಕ್ಷಿಯ ಹೆಸರು ಹೇಳಿಯೇ ಎಲ್ಲರಿಗೆ ತಿಳಿಸಿದಳು. ಬೀಜ ಆರಿಸುವವರಲ್ಲೇ ಚಿಕ್ಕವಳಾದ ರಮಿತಾ ಫೋನಿನಲ್ಲಿ 'ರಾತ್ರಿ ಅಡ್ಗಿ' ಎಂಬ ಗುಂಪು ಮಾಡಿದಳು. ಬೇಬಿ ಬರೆಯುವ ಗೋಜಿಗೆ ಹೋಗದೆ ಸಂಜೆ ಬಸ್ಸಿಗೆ ಕಾಯುತ್ತ ನಿಂತು ಧ್ವನಿಯಲ್ಲೇ ಹೇಳುತ್ತಿದ್ದಳು. ಎರಡು ತಿಂಗಳಲ್ಲಿ ಅವಳ ದನಿ ಬ್ರಹ್ಮಾವರದ ನಾದಿನಿಯರವರೆಗೂ ಬೈಂದೂರಿನ ಅತ್ತಿಗೆಯರವರೆಗೂ ತಲುಪಿತು. ಗುಂಪಿನಲ್ಲಿ ನೂರ ಮೂವತ್ತು ಜನ ಸೇರಿದರು.

ಆದರೆ ಒಂದು ವಿಷಯವನ್ನು ಬೇಬಿ ಯಾರಿಗೂ ಹೇಳಿರಲಿಲ್ಲ. ತಾನು ದಿನಾ ಎರಡು ಮಾತ್ರೆ ನುಂಗುತ್ತೇನೆ ಎಂಬುದು. ಮಾತ್ರೆ ತಿನ್ನುವವಳೆಂದರೆ ಜನ ಕಾಯಿಲೆಯವಳು ಎಂದಾರು ಎಂಬ ಅಳುಕು. ಮಾತ್ರೆಯ ಪಟ್ಟಿಯನ್ನು ಕೊತ್ತಂಬರಿ ಡಬ್ಬಿಯ ಹಿಂದೆ ಇಟ್ಟು, ಬೆಳಿಗ್ಗೆ ಎದ್ದ ಕೂಡಲೇ ನುಂಗಿ ಬರುತ್ತಿದ್ದಳು. ಬಿಪಿ ಇಳಿಯುತ್ತಾ ಬಂದದ್ದನ್ನು ಮಾತ್ರ ಎಲ್ಲರಿಗೂ ಹೇಳಿದ್ದಳು.

ಅಕ್ಟೋಬರಿನ ಒಂದು ಬೆಳಿಗ್ಗೆ ಎದುರು ಮೇಜಿನ ವನಜ ಬೀಜದ ತಟ್ಟೆ ತರಲು ಎದ್ದವಳು ಮೇಜಿನ ಅಂಚು ಹಿಡಿದುಕೊಂಡು ಹಾಗೇ ಕುಸಿದಳು. ತಲೆ ಸಿಡಿಯುತ್ತಿದೆ ಎಂದಳು, ವಾಂತಿ ಮಾಡಿದಳು. ಬೇಬಿ ಸೀನನಿಗೆ ಫೋನು ಮಾಡಿದಳು. ಹತ್ತು ನಿಮಿಷದಲ್ಲಿ ರಿಕ್ಷಾ ಬಂತು. ಕುಂದಾಪುರದ ಆಸ್ಪತ್ರೆಯಲ್ಲಿ ಬಿಪಿ ಇನ್ನೂರು ದಾಟಿತ್ತು.

ಡಾಕ್ಟರು ಮಾತ್ರೆಯ ವಿಷಯ ಕೇಳಿದಾಗ ವನಜ ಮೆಲ್ಲಗೆ ಹೇಳಿದಳು. "ಬಿಟ್ಟ್ ಒಂದ್ ತಿಂಗ್ಳಾಯ್ತ್. ಬೇಬಿಯಕ್ಕ ಹೇಳಿದ್ ಅಡ್ಗಿ ಉಂಬುಕ್ ಸುರು ಮಾಡಿದ್ನಲೆ. ಅವ್ರಿಗ್ ಬರೀ ಊಟದಗೇ ಕಮ್ಮಿ ಆಯ್ತ್, ನಂಗ್ಯಾಕ್ ಮಾತ್ರಿ ಅಂದೇಳಿ..."

ಬೇಬಿ ಮಂಚದ ಪಕ್ಕದಲ್ಲೇ ನಿಂತಿದ್ದಳು. ಸಮಯಕ್ಕೆ ತಂದದ್ದರಿಂದ ತೊಂದರೆ ಇಲ್ಲ ಎಂದು ಡಾಕ್ಟರು ಹೇಳಿದ್ದು ಅವಳಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಅಷ್ಟರಲ್ಲಿ ಬಂದ ವನಜಳ ಮಗ ಯತೀಶ್ ಸಿಟ್ಟಿನಲ್ಲಿದ್ದ. "ನಿಮ್ಗೆ ಈ ಡಾಕ್ಟ್ರಕಿ ಎಂತಕ್ ಬೇಕಿತ್ತ್?" ಎಂದು ಎಲ್ಲರೆದುರೇ ಕೇಳಿದ.

ಅಂದು ಗುಂಪಿನಲ್ಲಿ ಅವಳ ದನಿ ಬರಲಿಲ್ಲ. ಮನೆಯಲ್ಲಿ ಚಹಾ ಕುಡಿಯುತ್ತ ಸೀನನಿಗೆ ಹೇಳಿದಳು, "ಇನ್ ನಾನ್ ಯಾರಿಗೂ ಎಂತದೂ ಹೇಳುದಿಲ್ಲೆ."

ಸೀನ ಲೋಟ ಕೆಳಗಿಟ್ಟ. "ಹೇಳಿದ್ದ್ ತಪ್ಪಲ್ಲ. ಅರ್ಧ ಹೇಳಿ ಬಿಟ್ಟದ್ದ್ ತಪ್ಪ್. ಉಳ್ದ ಅರ್ಧ ಹೇಳ್ ಕಾಂಬ."

ಮರುದಿನ ಬೇಬಿ ಕೆಲಸ ಶುರುವಾಗುವ ಮೊದಲೇ ಎದ್ದು ನಿಂತಳು. ಸೆರಗಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.

"ಹ್ವಾಯ್, ಎಲ್ಲರೂ ಕೇಣಿ. ಇದ್ ನಂದ್. ದಿನಕ್ ಎರಡ್. ಊಟದ ಜೊತಿಗ್ ಇದೂ ಇದ್ದದ್ದಕ್ಕೇ ನನ್ ಬಿಪಿ ಇಳ್ದದ್ದ್. ನಾಚ್ಕಿ ಆಯಿ ಹೇಳ್ಲಿಲ್ಲೆ, ಅದ್ ನನ್ ತಪ್ಪ್. ಉಪ್ಪ್ ಕಮ್ಮಿ ಮಾಡಿ, ಮಾತ್ರಿ ಬಿಡ್ಬೇಡಿ. ಬಿಡ್ಕಾ ಬ್ಯಾಡ್ದಾ ಹೇಳುವರ್ ಡಾಕ್ಟ್ರ್, ನಾನಲ್ಲ."

ಮೂಲೆಯಲ್ಲಿದ್ದ ಗುಲಾಬಿ ತನ್ನ ಚೀಲಕ್ಕೆ ಕೈ ಹಾಕಿ, "ನಂದೂ ಇತ್ತ್, ಮೂರ್ ವರ್ಷಾಯ್ತ್," ಎಂದು ಒಂದು ಪಟ್ಟಿ ಎತ್ತಿ ತೋರಿಸಿದಳು. ಆಮೇಲೆ ಇನ್ನೂ ಐದಾರು ಕೈ ಎದ್ದವು. ಅದೇ ಮಾತನ್ನು ಬೇಬಿ ಗುಂಪಿನಲ್ಲೂ ಹೇಳಿದಳು. ಈ ಬಾರಿ ಬಸ್ ನಿಲ್ದಾಣದಲ್ಲಿ ಅಕ್ಕಪಕ್ಕದವರಿಗೆ ಕೇಳಿಸಿದರೂ ದನಿ ತಗ್ಗಿಸಲಿಲ್ಲ.

ಸಂಜೆ ಹೆಸರುಕಾಳಿನ ಸಾರು, ಜೀಗುಜ್ಜೆ ಪಲ್ಯ ಮಾಡಿಕೊಂಡು, ಅಂದೇ ಆಸ್ಪತ್ರೆಯಿಂದ ಬಂದಿದ್ದ ವನಜಳ ಮನೆಗೆ ಹೋದಳು. ಬಾಗಿಲು ತೆರೆದವನು ಯತೀಶ್. "ಬೈಯುದಾರೆ ಬೈ ಮಗಾ, ಕೇಂತೆ. ಆದ್ರೆ ಅಮ್ಮ ಬಿಸಿ ಇಪ್ಪತಿಗೇ ಉಣ್ಲಿ," ಎಂದಳು. ಅವನು ಬೈಯಲಿಲ್ಲ. ಪಾತ್ರೆ ಕೈಗೆ ತೆಗೆದುಕೊಂಡ. ವಾರ ಕಳೆದ ಮೇಲೆ ಅಮ್ಮನಿಗಾಗಿ ಆ ಸಾರನ್ನು ಹೇಗೆ ಮಾಡುವುದೆಂದು ಬೇಬಿಗೆ ಫೋನು ಮಾಡಿ ಕೇಳಿದವನೂ ಅವನೇ.

ಅಲ್ಲಿಂದ ಮುಂದೆ ಬೇಬಿಗೆ ತನಗೆ ಗೊತ್ತಿರುವುದು ಎಲ್ಲಿ ಮುಗಿಯುತ್ತದೆ ಎಂಬುದೂ ಗೊತ್ತಾಯಿತು. ಗುಲಾಬಿ ಅಂಗಡಿಯಿಂದ ಸೋಡಿಯಂ ಕಮ್ಮಿಯ ಉಪ್ಪು ಎಂದು ಒಂದು ಪ್ಯಾಕೆಟ್ ತಂದು ತೋರಿಸಿದಾಗ, ಬೇಬಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಪ್ರಫುಲ್ಲಾ ಅವರಿಗೆ ಫೋನು ಹಚ್ಚಿದಳು. ಕಿಡ್ನಿ ತೊಂದರೆ ಇರುವವರಿಗೆ, ಬಿಪಿಯ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಆಗದು, ಡಾಕ್ಟರನ್ನು ಕೇಳದೆ ಬಳಸಬಾರದು ಎಂದರು ಅವರು. ಅದನ್ನೇ ಬೇಬಿ ಪ್ರಫುಲ್ಲಾ ಅವರ ಹೆಸರು ಸಮೇತ ಗುಂಪಿಗೆ ದಾಟಿಸಿದಳು.

ಚಳಿಗಾಲ ಮುಗಿಯುವಾಗ ಬೇಬಿಯ ಬಿಪಿ ನೂರ ಮೂವತ್ತೆರಡಕ್ಕೆ ಬಂದು ನಿಂತಿತು. ಡಾಕ್ಟರು ಎರಡು ಮಾತ್ರೆಯಲ್ಲಿ ಒಂದನ್ನು ಬಿಡಿಸಿದರು. ವನಜ ಕೆಲಸಕ್ಕೆ ಮರಳಿದಳು. ಬೇಬಿಯ ಎದುರು ಮೇಜಿನಲ್ಲೇ ಕೂತು, ಹರಿವೆ ದಂಟಿಗೆ ಹುರಿದ ಎಳ್ಳಿನ ಪುಡಿ ಹಾಕುವ ತನ್ನ ತಾಯಿಯ ಕ್ರಮವನ್ನು ಎಲ್ಲರಿಗೂ ಕಲಿಸಿದಳು.

ಈ ಮೇ ತಿಂಗಳಲ್ಲಿ ಪ್ರಫುಲ್ಲಾ ಅವರು ಮರವಂತೆಯ ಹೆಂಗಸರ ಸಭೆಯೊಂದಕ್ಕೆ ಬೇಬಿಯನ್ನು ಕರೆದರು. ಸೀನ ರಿಕ್ಷಾದಲ್ಲೇ ಕರೆದುಕೊಂಡು ಹೋದ. ಒಂದು ಮನೆಯ ಚಪ್ಪರದ ಕೆಳಗೆ ಇಪ್ಪತ್ತು ಮಂದಿ ಸೇರಿದ್ದರು. ಹೆಚ್ಚಿನವರು ಮೀನು ಒಣಗಿಸಿ ಮಾರುವವರು. ಬೇಬಿ ಎರಡು ಚಮಚದ ಬಟ್ಟಲಿನ ಮಾತು ಮುಗಿಸುವ ಮೊದಲೇ ಮುಂದಿನ ಸಾಲಿನಲ್ಲಿದ್ದ, ಆ ಮನೆಯ ಹಿರಿಯ ಹೆಂಗಸು ಸೀತು ಕೇಳಿದರು:

"ನಾವ್ ಉಪ್ಪ್ ಮೀನ್ ಮಾರಿ ಬದ್ಕುವರ್. ಇನ್ ಅದನ್ನ್ ತಿನ್ಬೇಡಿ ಅಂತ್ರ್ಯಾ?"

ಚಪ್ಪರದಲ್ಲಿ ನಗು ಎದ್ದಿತು. ಬೇಬಿಯೂ ನಕ್ಕಳು. ಆದರೆ ಹಿಂದೆ ಸರಿಯಲಿಲ್ಲ.

"ತಿನ್ಬೇಡಿ ಅನ್ನುಕೆ ನಾನ್ ಯಾರ್ ಸೀತಕ್ಕ? ನಾನೂ ತಿಂತೆ, ತಿಂಗ್ಳಿಗ್ ಎರಡ್ ಸಲ. ಒಂದ್ ಗಂಟಿ ನೀರಗೆ ಹಾಕಿಡಿ, ಆ ನೀರ್ ಚೆಲ್ಲಿ, ಮತ್ತೊಂದ್ ಗಂಟಿ ಬೇರೆ ನೀರಗೆ. ಉಪ್ಪ್ ಸುಮಾರ್ ಬಿಡ್ತ್. ಆ ದಿನದ್ ಅಡ್ಗಿಗ್ ಬೇರೆ ಉಪ್ಪ್ ಇಲ್ಲೆ. ಬಿಪಿ ಜೋರ್ ಇದ್ದರ್ ಮಾತ್ರ ಅದೂ ಬ್ಯಾಡ. ಮಾತಗೆ ನಂಬುದ್ ಬೇಡ, ಒಲಿ ಹೊತ್ಸಿ, ಮಾಡಿಯೇ ಕಾಂಬ."

ಸೀತು ಸವಾಲಿನ ಮುಖದಲ್ಲೇ ಒಳಗೆ ಹೋಗಿ ಒಂದು ಹಿಡಿ ಒಣಮೀನು ತಂದರು. ಎರಡು ನೀರಿನಲ್ಲಿ ನೆನೆಹಾಕಿ, ಈರುಳ್ಳಿ, ಒಣಮೆಣಸು, ಕಾಯಿತುರಿ ಸೇರಿಸಿ ಬೇಬಿ ಚಟ್ನಿ ಮಾಡುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹೆಂಗಸರೆಲ್ಲ ಒಲೆಯ ಸುತ್ತ ಬಂದು ನಿಂತರು. ಬೇಬಿ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿದಳು. ಸೀತುವಿನ ಅಂಗೈಗೂ ಒಂದಿಷ್ಟು ಹಾಕಿದಳು. ಸೀತು ಬಾಯಿ ಚಪ್ಪರಿಸಿದರು, ಮತ್ತೊಮ್ಮೆ ಚಪ್ಪರಿಸಿದರು.

"ಉಪ್ಪ್ ಸಾಕ್ ಕಾಣಿ," ಎಂದರು ಕೊನೆಗೆ. "ಹುಳಿ ಒಂಚೂರ್ ಬೇಕಿತ್ತೇನ."

"ಅದೇ ನಾನೂ ಹೇಳುಕಿದ್ದದ್ದ್," ಎಂದಳು ಬೇಬಿ.

ಸೀತು ಸೀರೆ ಎತ್ತಿ ಕಟ್ಟಿಕೊಂಡು ಬಿಂಬುಳಿ ಕೊಯ್ಯಲು ಹಿತ್ತಲಿಗೆ ನಡೆದರು.