ಪಂಕಜಾಳ ಗುಟ್ಟಿನ ಪುಟ

ಪಂಕಜಾ ಯಾವ ಪುಸ್ತಕವನ್ನೂ ಮೊದಲ ಪುಟದಿಂದ ತೆರೆದದ್ದನ್ನು ನಾನು ನೋಡಿಲ್ಲ. ಅಂಗಡಿಯಲ್ಲಾಗಲಿ, ನೆಂಟರ ಮನೆಯಲ್ಲಾಗಲಿ, ನಮ್ಮ ಮನೆಯ ಟೀಪಾಯಿಯ ಮೇಲಾಗಲಿ, ಪುಸ್ತಕ ಕೈಗೆ ಸಿಕ್ಕಿದ ಕೂಡಲೇ ಅವಳ ಹೆಬ್ಬೆರಳು ನೇರವಾಗಿ ಮೂವತ್ತೇಳನೆಯ ಪುಟಕ್ಕೆ ಹೋಗುತ್ತಿತ್ತು. ಜಯನಗರದ ಅವಳ ಕಾಲೇಜಿನ ಲೈಬ್ರರಿಯ ಗುಟ್ಟಿನ ಪುಟ ಅದು. ಮೊದಲ ಪುಟದ ಮುದ್ರೆಯನ್ನು ಯಾವ ಕಳ್ಳನಾದರೂ ಹರಿದೆಸೆಯುತ್ತಾನೆ. ಆದ್ದರಿಂದ ನಮ್ಮ ಕಸುಬಿನಲ್ಲಿ ಒಳಗಿನ ಒಂದು ಪುಟವನ್ನು ಗೊತ್ತುಮಾಡಿಕೊಂಡು, ಪ್ರತಿ ಪುಸ್ತಕದಲ್ಲೂ ಅದೇ ಪುಟದ ಅಡಿಯಲ್ಲಿ ಇನ್ನೊಂದು ಮುದ್ರೆ ಒತ್ತುತ್ತೇವೆ. ಅದು ಎಷ್ಟನೆಯ ಪುಟ ಎಂಬುದು ಲೈಬ್ರರಿಯವರಿಗೆ ಮಾತ್ರ ಗೊತ್ತಿರಬೇಕು. ಪಂಕಜಾ ಅದನ್ನು ನನಗೂ ಹೇಳಿದವಳಲ್ಲ, ಅವಳ ಹೆಬ್ಬೆರಳೇ ಹೇಳಿಬಿಟ್ಟಿತ್ತು. ತಿಲಕ್ ನಗರದ ಶಾಲೆಯೊಂದರಲ್ಲಿ ನಾನೂ ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ನಮ್ಮ ಗುಟ್ಟಿನ ಪುಟ ಯಾವುದೆಂದು ಅವಳು ಹತ್ತು ಸಲವಾದರೂ ಕೇಳಿದ್ದಾಳೆ. ನಾನು ಬಾಯಿ ಬಿಟ್ಟಿಲ್ಲ. ಅವಳ ಸಹವಾಸದಿಂದ ಅಷ್ಟಾದರೂ ಬುದ್ಧಿ ಬರಬೇಡವೇ?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಅವಳ ಕಣ್ಣು ಅಂಥದ್ದು. ಹಾಲಿನವನು ಹೊತ್ತಿಗೆ ಮುಂಚೆ ಬಂದರೆ ಯಾಕೆ ಬಂದ ಎಂಬ ಅನುಮಾನ, ತಡವಾಗಿ ಬಂದರೆ ಎಲ್ಲಿದ್ದ ಎಂಬ ಅನುಮಾನ. ಅವಳ ಲೈಬ್ರರಿಯ ಬಾಗಿಲಲ್ಲಿ ಒಂದು ಕೌಂಟರ್ ಇತ್ತು. ಒಳಗೆ ಹೋಗುವವರು ಚೀಲವನ್ನು ಅಲ್ಲಿಟ್ಟು ಹಿತ್ತಾಳೆಯ ಟೋಕನ್ ಪಡೆಯಬೇಕು. ಪ್ರಿನ್ಸಿಪಾಲರ ಬ್ರೀಫ್‌ಕೇಸನ್ನೂ ಅವಳು ಅಲ್ಲೇ ಇಡಿಸಿದವಳು. ಇಪ್ಪತ್ತೊಂದು ವರ್ಷಗಳ ನೌಕರಿಯಲ್ಲಿ ಆ ನಿಯಮದಿಂದ ತಪ್ಪಿಸಿಕೊಂಡವರು ಸಂಜೀವಯ್ಯನವರೊಬ್ಬರೇ. ಅವರು ಅವಳಿಗಿಂತ ಮುಂಚೆ ಅಲ್ಲಿ ಲೈಬ್ರೇರಿಯನ್ ಆಗಿದ್ದವರು, ಅವಳಿಗೆ ಕೆಲಸ ಕಲಿಸಿದವರು. ಮೂವತ್ತೇಳನ್ನು ಗೊತ್ತುಮಾಡಿದವರೂ ಅವರೇ. ತೊಂಬತ್ತೇಳನೆಯ ಇಸವಿಯಲ್ಲಿ ನಿವೃತ್ತರಾದ ಮೇಲೂ ವಾರಕ್ಕೊಮ್ಮೆ ಖಾದಿ ಚೀಲ ನೇತುಹಾಕಿಕೊಂಡು ಬರುತ್ತಿದ್ದರು. ಅವರು ಬಂದರೆ ಪಂಕಜಾ ಎದ್ದು ನಿಂತು, ಬೀಗ ಹಾಕಿದ ಹಳೆಯ ಪುಸ್ತಕಗಳ ಕೋಣೆಯನ್ನು ತಾನೇ ತೆಗೆದುಕೊಡುತ್ತಿದ್ದಳು.

ತೊಂಬತ್ತೊಂಬತ್ತರಲ್ಲಿ ಮೌನೇಶ ಅಟೆಂಡರ್ ಆಗಿ ಬಂದ. ಮುದ್ದೇಬಿಹಾಳದ ಕಡೆಯವನು, ಮೂವತ್ತು ದಾಟಿದವನು. ಬಿಟಿಎಂ ಲೇಔಟಿನ ಒಂದು ಕೋಣೆಯಲ್ಲಿ ತಾಯಿ ದುಂಡವ್ವ, ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಬಾಡಿಗೆಗಿದ್ದ. ಅವನು ಎಡಗೈಯವನು, ಒತ್ತಿದ ಮುದ್ರೆಯೆಲ್ಲ ಎಡಕ್ಕೆ ವಾಲುತ್ತಿತ್ತು. ಪಂಕಜಾಳಿಗೆ ಅದರ ಮೇಲೂ ಅನುಮಾನ. ದುಂಡವ್ವ ಊರಿಗೆ ಹೋಗಿ ಬಂದಾಗಲೆಲ್ಲ ಮೇಡಮ್ಮನವರಿಗೆಂದು ಶೇಂಗಾ ಹಿಂಡಿ ಕಳಿಸುತ್ತಿದ್ದಳು. ಪಂಕಜಾ ಅದನ್ನು ಬಾಯಿಗಿಡದೆ ನನಗೆ ದಾಟಿಸುತ್ತಿದ್ದಳು.

"ಯಾಕೆ ಕೊಡ್ತಾರೆ ಅಂತ ಯೋಚ್ನೆ ಮಾಡು ಲಕ್ಷ್ಮೀ. ಸುಮ್ಮಸುಮ್ಮನೆ ಯಾರಾದ್ರೂ ಕೊಡ್ತಾರಾ?"

ನಾನು ಯೋಚನೆ ಮಾಡಲಿಲ್ಲ, ಅನ್ನಕ್ಕೆ ಕಲಸಿಕೊಂಡು ತಿಂದೆ.

ಅವನು ಸೇರಿದ ಮೊದಲ ದಿನವೇ ಅವಳೊಂದು ಉಪಾಯ ಹೂಡಿದ್ದಳು. ಗುಟ್ಟಿನ ಪುಟ ನಲವತ್ತೇಳು ಎಂದು ಅವನಿಗೆ ಸುಳ್ಳು ಹೇಳಿದ್ದಳು. ಅವನೇನಾದರೂ ಪುಸ್ತಕ ಕದ್ದರೆ ನಲವತ್ತೇಳನೆಯ ಪುಟವನ್ನು ಹರಿದು ನಿಶ್ಚಿಂತನಾಗುತ್ತಾನೆ, ಮೂವತ್ತೇಳರ ಮುದ್ರೆ ಒಳಗೇ ಉಳಿದು ಅವನನ್ನು ಹಿಡಿದುಕೊಡುತ್ತದೆ ಎಂಬ ಲೆಕ್ಕ. ಇದನ್ನು ನನಗೆ ಹೇಳುವಾಗ ಅವಳ ಮುಖದಲ್ಲಿದ್ದ ಹೆಮ್ಮೆ ನೋಡಬೇಕಿತ್ತು. ನನಗೆ ಮೈ ಉರಿಯಿತು. ನಾಲ್ಕು ದಿನ ಅವಳೊಂದಿಗೆ ಮಾತು ಬಿಟ್ಟೆ.

ಒಮ್ಮೆ, ಹೊಸದರಲ್ಲಿ, ಮೌನೇಶ ಸಂಜೀವಯ್ಯನವರ ಖಾದಿ ಚೀಲಕ್ಕೆ ಕೈ ಚಾಚಿ, "ಇಲ್ಲಿ ಇಟ್ಟು ಹೋಗ್ರಿ ಸರ್" ಅಂದಿದ್ದನಂತೆ. ಪಂಕಜಾ ಎಲ್ಲರೆದುರಿಗೂ ಅವನಿಗೆ ಛೀಮಾರಿ ಹಾಕಿದ್ದಳು. "ಅವ್ರು ಯಾರು ಗೊತ್ತೇನೋ ನಿಂಗೆ? ಈ ಲೈಬ್ರರಿ ಕಟ್ಟಿದವ್ರು!" ಅವನು ಕೈ ಹಿಂದೆ ತೆಗೆದುಕೊಂಡು ತಲೆ ತಗ್ಗಿಸಿದ.

ಎರಡು ಸಾವಿರದ ಮೂರರಲ್ಲಿ ಆ ಬೀಗದ ಕೋಣೆಯಿಂದ ಹನ್ನೊಂದು ಹಳೆಯ ಪುಸ್ತಕಗಳು ಕಾಣೆಯಾಗಿರುವುದು ಗೊತ್ತಾಯಿತು. ಬೀಗದ ಕೈ ಪಂಕಜಾಳ ಹತ್ತಿರ. ಕಸ ಗುಡಿಸಲು ಒಳಗೆ ಹೋಗುತ್ತಿದ್ದವನು ಮೌನೇಶ. ಇನ್ನೇನು ಬೇಕು? ಅದೇ ಡಿಸೆಂಬರಿನಲ್ಲಿ ಆಡಳಿತ ಮಂಡಳಿಯ ಸಭೆಯಿತ್ತು. ನಾಲ್ಕು ವರ್ಷದಿಂದ ತಾತ್ಕಾಲಿಕವಾಗಿದ್ದ ಮೌನೇಶನನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂಬುದು ಅಲ್ಲಿ ತೀರ್ಮಾನವಾಗಬೇಕು. ಲೈಬ್ರೇರಿಯನ್ನಿನ ವರದಿಯೇ ಅದಕ್ಕೆ ಆಧಾರ. ಸಭೆ ಸೋಮವಾರ. ಅದರ ಹಿಂದಿನ ಶನಿವಾರ, ಭಾನುವಾರ ಜೆ.ಪಿ. ನಗರದ ಕಾಲೇಜೊಂದರಲ್ಲಿ ನಮ್ಮ ವಲಯದ ಗ್ರಂಥಪಾಲಕರ ಸಮ್ಮೇಳನ. ಪಂಕಜಾ ಅಲ್ಲಿಗೆ ಹೊರಟಾಗ ಕೈಚೀಲದಲ್ಲಿ ಎರಡು ವಸ್ತುಗಳಿದ್ದವು: ಲೈಬ್ರರಿಯ ಬೀಗದ ಕೈ ಮತ್ತು ಮೌನೇಶನ ಮೇಲಿನ ವರದಿ. ಎರಡು ದಿನ ಲೈಬ್ರರಿಗೆ ಬೀಗ ಜಡಿದು ಅವನಿಗೆ ರಜೆ ಕೊಟ್ಟಿದ್ದಳು.

"ಇವನ ಮೇಲೆ ನಂಬಿಕೆ ಇಡಲು ಸಾಧ್ಯವಿಲ್ಲ ಅಂತ ಬರ್ದಿದೀನಿ," ಅಂದಳು ಬಸ್ಸಿನಲ್ಲಿ.

"ಕದ್ದಿದ್ದು ನೋಡಿದ್ಯಾ?"

"ನೋಡೋ ಹಾಗೆ ಕದೀತಾರೇನೇ?"

ದುಂಡವ್ವನ ಶೇಂಗಾ ಹಿಂಡಿಯ ಡಬ್ಬಿ ಇನ್ನೂ ನಮ್ಮ ಅಡುಗೆಮನೆಯಲ್ಲಿತ್ತು. ಅವರೆಲ್ಲ ಎಲ್ಲಿಗೆ ಹೋಗಬೇಕು ಎಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು.

ಸಮ್ಮೇಳನದಲ್ಲಿ ಪ್ರತಿಯೊಬ್ಬರಿಗೂ ಕೆಂಪು ರೆಕ್ಸಿನ್ ಚೀಲ, ಒಂದು ಪ್ಯಾಡು, ಒಂದು ಪೆನ್ನು ಕೊಟ್ಟರು. ಪಂಕಜಾ ಪ್ಯಾಡಿನ ಹಾಳೆ ಎಣಿಸಿ, ಮೂವತ್ತೇಳು ಕೂಡ ಇಲ್ಲವೆಂದು ಮೂಗು ಮುರಿದಳು. ಊಟದಲ್ಲಿ ಬಿಸಿಬೇಳೆ ಬಾತಿಗೆ ತುಪ್ಪ ಬಡಿಸುವವನು ಮೈಸೂರಿನವರ ತಟ್ಟೆಗೆ ಹೆಚ್ಚು ಹಾಕುತ್ತಿದ್ದಾನೆ ಎಂದು ನನ್ನ ತೊಡೆ ಚಿವುಟಿದಳು. ಮಧ್ಯಾಹ್ನ ಟೈ ಕಟ್ಟಿದ ಒಬ್ಬಾತ ಪುಸ್ತಕದ ಮೇಲಿನ ಕಪ್ಪು ಗೆರೆಗಳಿಗೆ ಕೆಂಪು ಬೆಳಕು ಹಿಡಿದು, ಇನ್ನು ಮುಂದೆ ಬಾರ್‌ಕೋಡೇ ಎಲ್ಲ, ಯಾವ ಪುಸ್ತಕ ಯಾರದೆಂದು ಕ್ಷಣದಲ್ಲಿ ಹೇಳುತ್ತದೆ ಎಂದ.

ಪಂಕಜಾ ಎದ್ದು ನಿಂತಳು. "ಗೆರೆ ಕಿತ್ತಾಕಿದ್ರೆ?"

"ಮೇಡಂ?"

"ಆ ಚೀಟಿ ಕಿತ್ತಾಕಿದ್ರೆ ಯಾರದು ಅಂತ ಹೇಳತ್ತೆ?"

ಆತ ಟೈ ಸರಿಮಾಡಿಕೊಂಡ. ಸಭೆ ನಕ್ಕಿತು. ಅವಳು ಗೆದ್ದವಳಂತೆ ಕುಳಿತಳು.

ಭಾನುವಾರ ಮಧ್ಯಾಹ್ನ ಸಂಜೀವಯ್ಯನವರಿಗೆ ಸನ್ಮಾನವಿತ್ತು. ಜೀವಮಾನವಿಡೀ ತಾವು ಸಂಗ್ರಹಿಸಿದ ಮುನ್ನೂರು ಪುಸ್ತಕಗಳನ್ನು ಅವರು ಆ ಕಾಲೇಜಿಗೆ ದಾನ ಮಾಡಿದ್ದರು. ಅವರ ಬಗ್ಗೆ ನಾಲ್ಕು ಮಾತಾಡಬೇಕಾದವಳು ಶಿಷ್ಯೆ ಪಂಕಜಾ. ಅದಕ್ಕೆಂದೇ ಮಾವಿನ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಊಟ ಮುಗಿಸಿ ಇಬ್ಬರೂ ಆ ಪುಸ್ತಕಗಳನ್ನು ನೋಡಲು ಮಹಡಿಯ ಲೈಬ್ರರಿಗೆ ಹೋದೆವು. ಗಾಜಿನ ಬೀರು, ಮೇಲೆ ಹೊಳೆಯುವ ಅಕ್ಷರಗಳಲ್ಲಿ ಅವರ ಹೆಸರು, ಎಲ್ಲಕ್ಕೂ ಹೊಸ ಕ್ಯಾಲಿಕೋ ಬಟ್ಟೆಯ ಬೈಂಡು. ಅಲ್ಲಿನ ಲೈಬ್ರೇರಿಯನ್ ಉಮಾಶ್ರೀ ಖುಷಿಯಿಂದ ಬೀರು ತೆಗೆದು, "ಆರಾಮಾಗಿ ನೋಡಿ ಮೇಡಂ" ಎಂದು ಕಾಫಿ ತರಿಸಲು ಹೋದಳು.

ಪಂಕಜಾ ಮರಗಿಡಗಳ ಮೇಲಿನ ಒಂದು ಹಳೆಯ ಪುಸ್ತಕ ಎತ್ತಿಕೊಂಡಳು. ಹೆಬ್ಬೆರಳು ಅಭ್ಯಾಸದಂತೆ ಹೋಯಿತು. ಮೂವತ್ತಾರಾದ ಮೇಲೆ ಮೂವತ್ತೊಂಬತ್ತು. ನಡುವಿನ ಹಾಳೆಯನ್ನು ಬ್ಲೇಡಿನಿಂದ ಹೊಲಿಗೆಗೆ ಹತ್ತಿಸಿ ಕತ್ತರಿಸಿದ್ದರು. ಅವಳು ಇನ್ನೊಂದು ತೆಗೆದಳು. ಅದರಲ್ಲೂ ಇಲ್ಲ. ಮತ್ತೊಂದು.

"ಎಲ್ಲಾ ಹಳೇ ಪುಸ್ತಕದಲ್ಲೂ ಒಂದೊಂದು ಹಾಳೆ ಹೋಗಿರುತ್ತೆ," ಅಂದೆ. ಏನಾದರೂ ಅನ್ನಬೇಕಲ್ಲ.

"ಎಲ್ಲದರಲ್ಲೂ ಅದೇ ಹಾಳೆನಾ?"

ಅವಳು ಮುಂದಕ್ಕೆ ಮಗುಚಿದಳು. ನಲವತ್ತೇಳಕ್ಕೆ ಬಂದು ನಿಂತಳು. ಪುಟದ ಅಡಿಯಲ್ಲಿ ನೇರಳೆ ಬಣ್ಣದ ಅಂಡಾಕಾರದ ಮುದ್ರೆ, ಅವಳ ಕಾಲೇಜಿನ ಹೆಸರು. ಮುದ್ರೆ ಎಡಕ್ಕೆ ವಾಲಿತ್ತು.

ಹೊಸ ಪುಸ್ತಕಗಳಿಗೆ ಅವನು ನಲವತ್ತೇಳರಲ್ಲಿ ಒತ್ತುವುದು ಅವಳಿಗೆ ಗೊತ್ತಿತ್ತು, ಒತ್ತಲಿ ಬಿಡು ಎಂದು ಸುಮ್ಮನಿದ್ದಳು. ಈ ಪುಸ್ತಕ ಅವನು ಬರುವುದಕ್ಕಿಂತ ಮೂವತ್ತು ವರ್ಷ ಮುಂಚಿನದು. ಹಳೆಯದಕ್ಕೂ ಅವನು ಯಾವಾಗಲೋ ಮುದ್ರೆ ಹಾಕಿದ್ದಾನೆ. ಅವಳು ಆ ಪುಟವನ್ನು ತೆರೆದು ನೋಡಿದವಳೇ ಅಲ್ಲ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೌನೇಶ ಕದ್ದಿದ್ದರೆ ತಾನೇ ಒತ್ತಿದ ಮುದ್ರೆಯನ್ನು ಬಿಟ್ಟು ಹೋಗುತ್ತಿರಲಿಲ್ಲ. ಮೂವತ್ತೇಳನ್ನು ಮಾತ್ರ ಬಲ್ಲವರು, ನಲವತ್ತೇಳರ ಸಂಗತಿ ತಿಳಿಯದವರು ಇದನ್ನು ಕತ್ತರಿಸಿದ್ದರು. ಅಂಥವರು ಭೂಮಿಯ ಮೇಲೆ ಒಬ್ಬರೇ ಇದ್ದರು, ಕೆಳಗೆ ಸಭಾಂಗಣದಲ್ಲಿ ಶಾಲಿಗಾಗಿ ಕಾಯುತ್ತಿದ್ದರು. ಹನ್ನೊಂದೂ ಆ ಬೀರುವಿನಲ್ಲೇ ಸಿಕ್ಕವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ನಾನಾಗಿದ್ದರೆ ಮೈಕಿನಲ್ಲೇ ಹೆಸರು ಹಿಡಿದು ಕೂಗುತ್ತಿದ್ದೆ. ಪಂಕಜಾ ವೇದಿಕೆಗೆ ಹೋಗಿ, ಬರೆದು ತಂದಿದ್ದ ಚೀಟಿಯನ್ನು ಮಡಿಸಿಟ್ಟಳು.

"ಸಂಜೀವಯ್ಯ ಸಾರ್ ನನಗೆ ಒಂದು ಪಾಠ ಹೇಳಿಕೊಟ್ಟಿದ್ದರು. ಲೈಬ್ರರಿಗೆ ಬರೋ ಯಾರನ್ನೂ ನಂಬಬೇಡ ಅಂತ. ಒಬ್ಬರನ್ನ ಬಿಟ್ಟು ಎಲ್ಲರ ವಿಷಯದಲ್ಲೂ ನಾನು ಅದನ್ನ ಪಾಲಿಸಿದೆ. ಅಷ್ಟೇ ನಾನು ಹೇಳೋದು."

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಶಾಲು ಹೊದ್ದ ಸಂಜೀವಯ್ಯನವರು ಮಾತ್ರ ಕೈ ಎತ್ತಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಮೆಟ್ಟಿಲ ಬಳಿ ಅವರೇ ಬಂದರು. ನನ್ನನ್ನು ಕಂಡು ದನಿ ತಗ್ಗಿಸಿದರು.

"ನಿನ್ ಲೈಬ್ರರೀಲಿ ಅದನ್ನ ಯಾರಮ್ಮ ಓದ್ತಿದ್ರು ಪಂಕಜಾ? ಧೂಳು ತಿಂತಾ ಬಿದ್ದಿತ್ತು. ನಾನು ಆರಿಸಿ ತರಿಸಿದ ಪುಸ್ತಕ. ಇಲ್ಲಿ ನಾಲ್ಕು ಜನ ನೋಡ್ತಾರೆ."

"ಮೌನೇಶನ ಕೆಲಸ ಹೋಗ್ತಿತ್ತು ಸಾರ್."

"ಯಾರಮ್ಮ ಮೌನೇಶ?"

ನಾಲ್ಕು ವರ್ಷದಿಂದ ಅವರಿಗೆ ಬಾಗಿಲು ತೆಗೆದು, ಕುರ್ಚಿ ಒರೆಸಿ, ನೀರು ತಂದುಕೊಟ್ಟವನು. ನನಗೆ ಬಂದ ಸಿಟ್ಟಿಗೆ ಆ ಶಾಲನ್ನು ಕಿತ್ತುಕೊಳ್ಳಬೇಕೆನ್ನಿಸಿತು. ಪಂಕಜಾ ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು. "ನಾನೇ ಬಾಗ್ಲು ತೆಗೆದುಕೊಟ್ನಲ್ಲೇ," ಎಂದು ಒಂದೇ ಮಾತನ್ನು ಬನಶಂಕರಿ ಬರುವವರೆಗೂ ಹೇಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ನನ್ನನ್ನೂ ಜೊತೆಗೆ ಕರೆದಳು. ಹಳೆಯ ವರದಿಯನ್ನು ಹರಿದುಹಾಕಿ, ಸಮ್ಮೇಳನದ ಪ್ಯಾಡಿನಲ್ಲಿ ಹೊಸದು ಬರೆದಿದ್ದಳು. ಪುಸ್ತಕಗಳು ಎಲ್ಲಿವೆ, ಅಲ್ಲಿಗೆ ಹೇಗೆ ಹೋದವು, ಬೀಗ ತೆಗೆದುಕೊಟ್ಟವಳು ಯಾರು ಎಂದು ಎಲ್ಲವೂ ಅದರಲ್ಲಿತ್ತು. ಮೌನೇಶನನ್ನು ಕಾಯಂ ಮಾಡಬೇಕೆಂದು ಕೊನೆಯಲ್ಲಿ ಅಡಿಗೆರೆ ಎಳೆದು ಬರೆದಿದ್ದಳು. ಪ್ರಿನ್ಸಿಪಾಲರ ಕೈಗೆ ಅದನ್ನು ಕೊಟ್ಟು ನಾವು ಲೈಬ್ರರಿಗೆ ಬಂದೆವು. ಮೌನೇಶ ಬೀಗ ತೆಗೆಯುವುದನ್ನೇ ಕಾಯುತ್ತಾ ಬಾಗಿಲ ಬಳಿ ನಿಂತಿದ್ದ. ಅವತ್ತು ಏನು ತೀರ್ಮಾನವಾಗುತ್ತದೆಂಬುದು ಅವನಿಗೂ ಗೊತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಅವನು ಕೌಂಟರಿನ ಹಿಂದೆ ಹೋಗಿ ನಿಂತ ಮೇಲೆ ಪಂಕಜಾ ಹೇಳಿದಳು, "ಮೌನೇಶ, ಗುಟ್ಟಿನ ಪುಟ ನಲವತ್ತೇಳಲ್ಲಪ್ಪ. ಮೂವತ್ತೇಳು."

"ಗೊತ್ತೈತ್ರಿ ಮೇಡಂ."

"ಗೊತ್ತಾ? ಯಾವಾಗಿಂದ?"

"ಬಂದ ಮೊದಲನೇ ವಾರದಿಂದ್ರಿ. ಪುಸ್ತಕ ಜೋಡಿಸುವಾಗ ಕಣ್ಣಿಗೆ ಬೀಳತೈತಲ್ರಿ."

ಪಂಕಜಾ ಕೌಂಟರಿನ ಅಂಚು ಹಿಡಿದುಕೊಂಡಳು. ಗೊತ್ತಿದ್ದೂ ನಾಲ್ಕು ವರ್ಷ ಅವಳ ಕೈಕೆಳಗೆ ಕೆಲಸ ಮಾಡಿದ್ದಾನೆ. ಮೇಡಮ್ಮನವರಿಗೆ ತನ್ನ ಮೇಲೆ ನಂಬಿಕೆಯಿಲ್ಲ ಎಂಬುದನ್ನು ಮೊದಲ ವಾರದಿಂದಲೇ ತಿಳಿದುಕೊಂಡು.

"ಮತ್ತೆ ಅಷ್ಟೂ ಹಳೇ ಪುಸ್ತಕಕ್ಕೆ ನಲವತ್ತೇಳರಲ್ಲಿ ಯಾಕೆ ಸೀಲ್ ಹಾಕ್ದೆ?"

ಅವನು ಟೋಕನ್ನುಗಳನ್ನು ಮೊಳೆಗೆ ಒಂದೊಂದಾಗಿ ನೇತುಹಾಕುತ್ತಿದ್ದ. ತಲೆ ಎತ್ತದೆ ಹೇಳಿದ.

"ನೀವು ನಲವತ್ತೇಳು ಅಂದಿದ್ರಿ. ತೆಗೆದು ನೋಡಿದ್ರ ಅಲ್ಲಿ ಏನೂ ಇರಲಿಲ್ರಿ. ದೊಡ್ಡವರು ಹೇಳಿದ ಮಾತು ಸುಳ್ಳಾಗಬಾರದಂತ, ಬ್ಯಾಸಗಿ ರಜಾದಾಗ ಕುಂತು ಎಲ್ಲಾದಕ್ಕೂ ಹಾಕಿದ್ನಿರಿ."

ಪಂಕಜಾ ತನ್ನ ಕೈಚೀಲವನ್ನು ಕೌಂಟರಿನ ಮೇಲೆ ಅವನ ಮುಂದಿಟ್ಟು, ಟೋಕನ್ನಿಗೆ ಕೈ ಚಾಚಿದಳು.