ಸೊನ್ನೆಗೆ ಓಡಿದ ಮುಳ್ಳು

ನನ್ನ ಹತ್ತಿರ ಹನ್ನೊಂದು ವಾಚುಗಳಿವೆ. ಎಲ್ಲವೂ ಸ್ಟೀಲಿನವು, ಎಲ್ಲವೂ ಕ್ರೋನೋಗ್ರಾಫ್. ಟೈಮ್ ತೋರಿಸುವುದರ ಜೊತೆಗೆ ಸ್ಟಾಪ್‌ವಾಚಿನ ಕೆಲಸವನ್ನೂ ಮಾಡುತ್ತವೆ. ಮೇಲಿನ ಗುಂಡಿ ಒತ್ತಿದರೆ ನಡುವಿನ ಉದ್ದ ಮುಳ್ಳು ಓಡುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನ ಗುಂಡಿ ಒತ್ತಿದರೆ ಒಂದೇ ನೆಗೆತಕ್ಕೆ ಹನ್ನೆರಡಕ್ಕೆ ಹೋಗಿ ಕೂರುತ್ತದೆ, ನಿಮಿಷ ಎಣಿಸುವ ಪುಟ್ಟ ಮುಳ್ಳೂ ಅದರ ಜೊತೆಗೇ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನಿಗೆ ಇಷ್ಟು ದುಬಾರಿ ಹುಚ್ಚು ಯಾಕೆ ಅಂತ ಕೇಳುವುದನ್ನು ಹೆಂಡತಿ ಬಿಟ್ಟು ಬಹಳ ವರ್ಷವಾಯಿತು. "ಇರೋದು ಒಂದು ಎಡಗೈ" ಅಂತ ಮಾತ್ರ ಆಗಾಗ ಅನ್ನುತ್ತಾಳೆ.

ಇಂಥ ವಾಚು ಕೂಡಿಡುವವರಿಗೆಲ್ಲ ಒಂದು ಅಭ್ಯಾಸ ಇರುತ್ತದೆ. ವಾಚು ಕೈಗೆ ಬಂದ ಕೂಡಲೇ ಹೆಬ್ಬೆರಳು ಕೆಳಗಿನ ಗುಂಡಿಗೆ ಹೋಗುತ್ತದೆ. ಮುಳ್ಳು ಸರಿಯಾಗಿ ಹನ್ನೆರಡರ ಗೆರೆಯ ಮೇಲೆ ನಿಲ್ಲುತ್ತದೋ, ಕೂದಲೆಳೆಯಷ್ಟು ಪಕ್ಕಕ್ಕೆ ಜರುಗುತ್ತದೋ ನೋಡಬೇಕು. ಜರುಗಿದರೆ ಒಳಗೇನೋ ದೋಷ ಇದೆ ಅಂತ ಅರ್ಥ. ನನ್ನ ಹೆಬ್ಬೆರಳು ಇದನ್ನು ನನ್ನನ್ನು ಕೇಳದೆಯೇ ಮಾಡುತ್ತದೆ.

ಹನ್ನೊಂದರಲ್ಲಿ ಒಂದನ್ನು ಹರಿಹರದಲ್ಲಿದ್ದ ನನ್ನ ಅಣ್ಣನಿಗೆ ಕೊಟ್ಟಿದ್ದೆ. ಅವನಿಗೆ ಹಾರ್ಟ್ ಆಪರೇಷನ್ ಆಗಿ, ದಿನಾ ನಡೀಬೇಕು ಅಂತ ಡಾಕ್ಟರು ಹೇಳಿದ್ದರು. ವಾಚನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದ್ರಾಗೆ ಮೂರು ಸಣ್ಣ ಗಡಿಯಾರ ಅದಾವಲ್ಲೋ. ಯಾವುದು ನೋಡಿ ಮಾತ್ರೆ ತಗಳ್ಳಿ?"

"ದೊಡ್ಡ ಗಡಿಯಾರ ನೋಡು ಸಾಕು."

"ಹಂಗಾದ್ರೆ ಉಳಿದವು ಯಾಕ ಇಟ್ಟಾರೆ? ನಿನ್ನಂಥೋರ ಕಡೆ ರೊಕ್ಕ ಕೀಳಾಕಾ?"

ಆದರೂ ಕಲಿತ. ಬೆಳಿಗ್ಗೆ ಏಳಕ್ಕೆ ಗೇಟು ದಾಟುವಾಗ ಮೇಲಿನ ಗುಂಡಿ ಒತ್ತುವುದು, ಹಳೇ ಸೇತುವೆಯವರೆಗೆ ಹೋಗಿ ಬಂದು ಮನೆ ಮುಂದಿನ ಕಟ್ಟೆಯ ಮೇಲೆ ಕೂತಾಗ ಮತ್ತೆ ಒತ್ತುವುದು. ಎಷ್ಟು ನಿಮಿಷವಾಯಿತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯೊಳಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಮೊದಲ ತಿಂಗಳು ಇಪ್ಪತ್ನಾಲ್ಕು, ಇಪ್ಪತ್ಮೂರು. ಆಮೇಲೆ ಇಪ್ಪತ್ತಾರು. ಕಡೆಯ ವಾರ ಇಪ್ಪತ್ತೆಂಟು. ಅದನ್ನು ನಾನು ನೋಡಿದ್ದೆ. ಅಂಕಿಗಳು ಯಾವ ಕಡೆಗೆ ಸಾಗುತ್ತಿವೆ ಅಂತ ಹುಡುಗರಿಗೆ ಹೇಳಿಕೊಡುವವನು ನಾನು. ಸೆಖೆ ಜಾಸ್ತಿಯಾಗಿದೆ, ನಿಧಾನ ಮಾಡಿದಾನೆ ಅಂದುಕೊಂಡೆ.

ಅವನು ಹೋದ ದಿನ ಅತ್ತಿಗೆ ಮನೆಯಲ್ಲಿರಲಿಲ್ಲ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಬಸುರಿ ಮಗಳಿಗೆ ಕುಬಸದ ಕಾರ್ಯ ಇತ್ತು. ಹಿಂದಿನ ದಿನವೇ ಬರಲೇಬೇಕು ಅಂತ ಅವರನ್ನು ಕರೆಸಿಕೊಂಡಿದ್ದವನು ನಾನೇ. ವಾಕಿಂಗ್ ಮುಗಿಸಿ ಹತ್ತರ ಬಸ್ಸಿಗೆ ಬರ್ತೀನಿ ಅಂದಿದ್ದ ಅಣ್ಣ. ಒಂಬತ್ತಕ್ಕೆ ಪಕ್ಕದ ಮನೆಯವರು ನೋಡಿದಾಗ ಬೂಟು ಹಾಕಿಕೊಂಡೇ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದನಂತೆ. ಮಾತಾಡಿಸಿದರು, ಮಾತಾಡಲಿಲ್ಲ.

ನಾವು ಹೋಗುವಷ್ಟರಲ್ಲಿ ನಮ್ಮ ಪದ್ಧತಿಯಂತೆ ದೇಹವನ್ನು ಒಳಗೆ ಕೂರಿಸಿದ್ದರು. ಸ್ನಾನಕ್ಕೆ ಮೊದಲು ಉಂಗುರ, ವಾಚು ಬಿಚ್ಚಿ ಯಾರೋ ನನ್ನ ಕೈಗಿಟ್ಟರು. ಅಣ್ಣನ ಮುಖ ನೋಡುತ್ತಾ ನಿಂತಿದ್ದೆ. ಹೆಬ್ಬೆರಳು ಕೆಳಗಿನ ಗುಂಡಿ ಒತ್ತಿತು. ಟಕ್ ಅಂದಿತು. ಮುಳ್ಳು ಸರಿಯಾಗಿ ಹನ್ನೆರಡಕ್ಕೆ ಬಂದು ನಿಂತಿತ್ತು.

ಹದಿಮೂರನೇ ದಿನ ಅತ್ತಿಗೆ ಕ್ಯಾಲೆಂಡರಿನ ಮುಂದೆ ನಿಂತು ನನ್ನನ್ನು ಕರೆದರು. ಆ ತಾರೀಖಿನ ಮನೆ ಖಾಲಿ ಇತ್ತು.

"ಬರೆಯಾಕೆ ಒಳಗೇ ಬಂದಿಲ್ಲ ನೋಡ್ರಿ. ವಾಚು ನಿಮ್ಮತ್ರ ಐತಲ್ಲ, ಲೆಕ್ಕ ಅದ್ರಾಗೇ ನಿಂತಿರ್ತತಿ ಅಂತಿದ್ರು ಅವ್ರು. ಎಷ್ಟಿತ್ತು?"

ಅವರು ಕೇಳುತ್ತಿದ್ದುದು ಬರೀ ನಿಮಿಷವನ್ನಲ್ಲ ಅಂತ ನನಗೆ ಗೊತ್ತಿತ್ತು. ಗಂಡ ಎಂದಿನಂತೆ ನಡೆದು ಬಂದು, ದಣಿದು ಕೂತು, ಹಾಗೇ ಹೋದನೋ? ಇಲ್ಲಾ ಹೊರಟ ಸ್ವಲ್ಪದರಲ್ಲೇ ಎದೆ ಹಿಡಿದುಕೊಂಡು, ಹಿಂದಿರುಗಿ, ಬೀಗ ಹಾಕಿದ ಮನೆಯ ಮುಂದೆ ಯಾರಾದರೂ ಬರಲಿ ಅಂತ ಅಷ್ಟು ಹೊತ್ತು ಒಬ್ಬನೇ ಕೂತಿದ್ದನೋ? ಅವರಿಗೆ ಬೇಕಾಗಿದ್ದು ಅದು. ನನಗೂ.

ಗುಂಡಿ ಒತ್ತುವ ಮೊದಲು ಕಣ್ಣು ವಾಚಿನ ಮೇಲೆ ಒಂದು ಗಳಿಗೆ ಬಿದ್ದಿತ್ತು. ನಿಮಿಷ ಎಣಿಸುವ ಪುಟ್ಟ ಮುಳ್ಳು ಸೊನ್ನೆ ದಾಟಿ ಎರಡನೇ ಗೆರೆಯ ಮೇಲಿದ್ದ ನೆನಪು. ಆ ಪುಟ್ಟ ವೃತ್ತಕ್ಕೆ ಇರುವುದು ಮೂವತ್ತೇ ಗೆರೆ. ಮೂವತ್ತು ಮುಗಿದರೆ ಮತ್ತೆ ಮೊದಲಿಂದ ಶುರು. ಅಂದರೆ ಎರಡನೇ ಗೆರೆ ಎರಡು ನಿಮಿಷವೂ ಆಗಬಹುದು, ಮೂವತ್ತೆರಡೂ ಆಗಬಹುದು. ಇನ್ನು ಆ ನೆನಪಾದರೂ ನಿಜವೇ? ನನ್ನ ಪೆಟ್ಟಿಗೆಯಲ್ಲಿ ಇಂಥವು ಇನ್ನೂ ಹತ್ತಿವೆ. ಯಾವುದೋ ವಾಚಿನಲ್ಲಿ ಯಾವಾಗಲೋ ಕಂಡದ್ದನ್ನು ಮನಸ್ಸು ತಂದು ಅಣ್ಣನ ಕೈಗೆ ಕಟ್ಟಿರಬಹುದು. ಇಂಥ ಸಾಕ್ಷಿಯನ್ನು ಕ್ಲಾಸಿನಲ್ಲಿ ಯಾರಾದರೂ ಹೇಳಿದ್ದರೆ ಸಾಕು ಕೂತ್ಕೋ ಅನ್ನುತ್ತಿದ್ದೆ.

"ಮೂವತ್ತೆರಡು" ಅಂದೆ.

"ಮೂವತ್ತೆರಡಾ?"

"ಹೌದು ಅತ್ತಿಗೆ. ನಿಧಾನಕ್ಕೆ ಹೋಗಿ ಬಂದಾನೆ."

ಅವರು ಪೆನ್ಸಿಲು ತಗೊಂಡು ಬರೆದರು. ಅಣ್ಣನ ಅಂಕಿಗಳಿಗಿಂತ ದೊಡ್ಡದಾಗಿ, ಮನೆಯ ಗೆರೆ ದಾಟುವಂತೆ. ಆಮೇಲೆ ಕಣ್ಣೊರೆಸಿಕೊಂಡು, "ಪೂರ್ತಿ ಹೋಗಿ ಬಂದಾರೆ ಹಂಗಾದ್ರೆ. ಹಟಮಾರಿ ಮನುಷ್ಯ" ಅಂದರು. ಗುಂಡಿ ಒತ್ತಿದ್ದನ್ನು ನಾನು ಹೇಳಲಿಲ್ಲ.

ಹೋದ ತಿಂಗಳು ಆ ವಾಚಿಗೆ ಕೀ ಕೊಟ್ಟು ಕಟ್ಟಿಕೊಂಡು, ಬೆಳಗಿನ ಬಸ್ಸಿಗೆ ಹರಿಹರಕ್ಕೆ ಹೋದೆ. ಅಣ್ಣನ ಗೇಟಿನಲ್ಲಿ ನಿಂತು ಮೇಲಿನ ಗುಂಡಿ ಒತ್ತಿ ನಡೆದೆ. ಆ ಗೆರೆ ಎರಡೇ ನಿಮಿಷದ್ದಾಗಿದ್ದರೆ, ಅಷ್ಟರಲ್ಲಿ ಹಿಂದಿರುಗಿ ಕಟ್ಟೆ ಮುಟ್ಟಲು ಅಣ್ಣ ಒಂದು ನಿಮಿಷಕ್ಕೆ ಎಲ್ಲಿರಬೇಕಿತ್ತು ಅಂತ ತಿಳಿಯಬೇಕಿತ್ತು. ಒಂದು ನಿಮಿಷಕ್ಕೆ ನಾನು ಓಣಿಯ ಮೂಲೆಯಲ್ಲಿದ್ದೆ. ಅಲ್ಲಿ ಇಸ್ತ್ರಿ ಬಂಡಿಯವನು ಕೆಂಡ ಊದುತ್ತಿದ್ದ. ದಿನಾ ಬೆಳಿಗ್ಗೆ ಅಲ್ಲೇ ನಿಲ್ಲುವವನು.

"ಸಾಹುಕಾರ್ರ ತಮ್ಮ ಅಲ್ಲೇನ್ರಿ? ಮುಖ ಹಂಗೇ ಐತೆ" ಅಂದ.

"ಹೌದ್ರಿ."

"ಆವತ್ತು ಮುಂಜಾನೆ ನಾನು ಇಲ್ಲೇ ಇದ್ದೆ ನೋಡ್ರಿ. ನಿಮ್ಮಣ್ಣಾರು…"

"ಬಸ್ಸಿಗೆ ಹೊತ್ತಾತು. ಬರ್ತೀನ್ರಿ" ಅಂದೆ.

ಸೇತುವೆಯ ಕಡೆಗೂ ಹೋಗಲಿಲ್ಲ, ಮನೆಯ ಕಡೆಗೂ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ. ದಾವಣಗೆರೆಯವರೆಗೂ ಮುಳ್ಳು ಓಡುತ್ತಲೇ ಇತ್ತು. ನಿಲ್ಲಿಸಲಿಲ್ಲ. ಮತ್ತೆ ಕೀ ಕೊಡಲೂ ಇಲ್ಲ. ಕೀ ಮುಗಿದು ಅದು ಯಾವಾಗ ನಿಂತಿತೋ ಗೊತ್ತಿಲ್ಲ. ಪೆಟ್ಟಿಗೆ ತೆರೆದರೆ ಹತ್ತು ವಾಚುಗಳ ಮುಳ್ಳು ನೆಟ್ಟಗೆ ಹನ್ನೆರಡರ ಮೇಲಿವೆ. ಅದೊಂದರದು ಮಾತ್ರ ಎಲ್ಲೋ ಪಕ್ಕದಲ್ಲಿದೆ. ಅದನ್ನು ಕೈಗೆ ತಗೊಳ್ಳಬೇಕಾದಾಗ ಈಗ ನಾನು ಪಟ್ಟಿ ಹಿಡಿದು ಎತ್ತುತ್ತೇನೆ, ಹೆಬ್ಬೆರಳನ್ನು ಮಡಚಿ.