ಕೆಂಪು ಪೆನ್ಸಿಲಿನ ಮೇಡಂ

ಪಕ್ಕದ ಮನೆಯ ಇಂಗ್ಲಿಷ್ ಮೇಡಂ ಕಣ್ಣಿಗೆ ಬಿದ್ದ ಪಾರ್ಟಿಸಿಪಲ್ ತಪ್ಪಿಸಿಕೊಂಡು ಹೋದದ್ದಿಲ್ಲ. ಕ್ರಿಯಾಪದದ ಮನೆಯಲ್ಲಿ ಹುಟ್ಟಿ ನಾಮಪದಕ್ಕೆ ವಿಶೇಷಣವಾಗಿ ಚಾಕರಿ ಮಾಡುವ ಆ ಪದ ಔಷಧಿ ಡಬ್ಬಿಯ ಮೇಲಿರಲಿ, ಸೋಪಿನ ಹೊದಿಕೆಯ ಮೇಲಿರಲಿ, ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿಬಿಡುತ್ತಾರೆ. ನನ್ನ ಮಗಳ ಲಗ್ನಪತ್ರಿಕೆಯನ್ನೂ ಬಿಡಲಿಲ್ಲ. “ಪೇಪರ್ ಆದ್ರೂ ನೆಟ್ಟಗೆ ಓದೋಕೆ ಬಿಡೇ ತಾಯಿ” ಎಂದು ಅವರ ಯಜಮಾನರು ಮೂವತ್ತು ವರ್ಷ ಗೊಣಗಿದರು, ಗೊಣಗುತ್ತಲೇ ಪಾರ್ಟಿಸಿಪಲ್ ಗುರುತಿಸುವುದನ್ನೂ ಕಲಿತರು. ಲಕ್ವ ಹೊಡೆದು ಅವರ ಮಾತು ನಿಂತು ಮೂರು ತಿಂಗಳು. ಮೇಡಂ ಈಗಲೂ ಬೆಳಿಗ್ಗೆ ಅವರ ಹಾಸಿಗೆಯ ಪಕ್ಕ ಕೂತು ಇಂಗ್ಲಿಷ್ ಪೇಪರಿನಲ್ಲಿ ಸುತ್ತು ಹಾಕುತ್ತಾರೆ. ದಿನಕ್ಕೊಂದು ಸುತ್ತು ಮಾತ್ರ ಬೇಕೆಂದೇ ಪಾರ್ಟಿಸಿಪಲ್ ಅಲ್ಲದ ಪದಕ್ಕೆ. ನಿನ್ನೆ ಯಜಮಾನರ ಬೆರಳು ಮೆಲ್ಲಗೆ ತೆವಳಿ ಬಂದು ಆ ತಪ್ಪಿನ ಮೇಲೆ ನಿಂತಿತು. “ತ... ತಪ್ಪು.” ಮೇಡಂ ಕಣ್ಣೊರೆಸಿಕೊಂಡು, ಪೆನ್ಸಿಲನ್ನು ಅವರ ಕೈಗಿಟ್ಟು, “ಹಾಗಾದ್ರೆ ಸರಿ ಯಾವ್ದು? ತೋರ್ಸಿ ನೋಡೋಣ” ಎಂದು ಗದರಿದರು.